ಹಗುರ ಹೈಡ್ರೋಜನ್

"ನಿಮ್ಮ ಯಂತ್ರ ಸರಿ ಇಲ್ಲ" ಎಂದು ನಿನ್ನೆ ಅವಳು ಕೆಳಗಿನ ಮಹಡಿಯಲ್ಲಿ ಲೇಸರ್ ಪ್ರಯೋಗ ಮಾಡುವವನಿಗೆ ಎಲ್ಲರೆದುರಿಗೆ ಅಂದುಬಿಟ್ಟಿದ್ದಳು. ಅವನು ತಲೆಯಾಡಿಸಿ ಎದ್ದು ಹೋಗಿದ್ದ.

ಲ್ಯಾಬಿನವರು ಅವಳನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ರಾಸಾಯನಿಕ ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಕ್ವಾಂಟಮ್ ಲೆಕ್ಕವನ್ನು ಪೂರ್ತಿ ಮಾಡಲು ಹೊರಟರೆ ಒಂದು ಜನ್ಮ ಸಾಲದು. ಹಾಗಾಗಿ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂದು ನೋಡಿ ಅಂದಾಜು ಮಾಡುವ ಒಂದು ವಿಧಾನವನ್ನು ಮೂರು ವರ್ಷ ಜೀವ ತೇದು ಕಟ್ಟಿದ್ದಳು. ಕೆಳಗಿನ ಮಹಡಿಯ ಲೇಸರ್‌ನವನು ಅದೇ ಕ್ರಿಯೆಯನ್ನು ತನ್ನ ಯಂತ್ರದೊಳಗಿನ ಕೊರೆಯುವ ಚಳಿಯಲ್ಲಿ ಅಳೆದರೆ ವೇಗ ಅವಳ ಲೆಕ್ಕಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ಬಂದಿತ್ತು. ಇಬ್ಬರಲ್ಲಿ ಒಬ್ಬರದು ತಪ್ಪು. ಅವಳದಾದರೆ ಮೂರು ವರ್ಷದ ಶ್ರಮ ಮಣ್ಣುಪಾಲು.

ಬೆಳಿಗ್ಗೆ ಇನ್‌ಪುಟ್ ಫೈಲ್ ಮತ್ತೆ ತೆರೆದು ನೋಡಿದಳು. ಹೈಡ್ರೋಜನ್ ತೂಕ ಒಂದು ಇರಬೇಕಾದಲ್ಲಿ ಎರಡು! ಹಿಂದೆ ಭಾರದ ಹೈಡ್ರೋಜನ್ನಿಗೆಂದು ಹಾಕಿದ್ದ ಅಂಕಿ, ಬದಲಿಸಲು ಮರೆತಿದ್ದಳು. ಹಗುರ ಪರಮಾಣು, ಕ್ರಿಯೆಗೆ ಅಡ್ಡ ನಿಂತ ಶಕ್ತಿಯ ಗುಡ್ಡವನ್ನು ಹತ್ತದೆಯೇ ಅದರೊಳಗಿಂದ ನುಸುಳಿ ಆಚೆ ಹೋಗುತ್ತದೆ. ಭಾರದ್ದಕ್ಕೆ ಆ ಜಾಣತನ ಸಾಲದು, ಅದಕ್ಕೇ ಅವಳ ಲೆಕ್ಕದಲ್ಲಿ ವೇಗ ಕಡಿಮೆ ಬಂದಿತ್ತು. ತಿದ್ದಿ ಓಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಗ್ರಾಫಿನಲ್ಲಿ ಅವಳ ಲೆಕ್ಕದ ಗೆರೆ ಅವನ ಅಳತೆಯ ಚುಕ್ಕಿಗಳ ಮೇಲೆಯೇ ಹಾದು ಹೋಯಿತು.

ಹೋದ ಜೀವ ಬಂದಂತಾಯಿತು. ಮರುಕ್ಷಣವೇ, ಕ್ಷಮೆ ಕೇಳಬೇಕಲ್ಲ ಎಂದು ಮೆಟ್ಟಿಲಿಳಿದಳು.

ಕೆಳಗೆ ಅವನು ನೆಲದ ಮೇಲೆ ಕೂತಿದ್ದ. ಸುತ್ತ ಬಿಚ್ಚಿ ಹರಡಿದ ಕನ್ನಡಿ, ಪೈಪು, ಸ್ಕ್ರೂ. ಮೂಗಿನ ತುದಿಗೆ ಗ್ರೀಸ್.

"ಅಯ್ಯೋ, ಇದೇನ್ರೀ ಮಾಡ್ಕೊಂಡಿದ್ದೀರಾ?"

"ಯಂತ್ರ ಸರಿ ಇಲ್ಲ ಅಂತ ನೀವೇ ಹೇಳಿದ್ರಲ್ಲ. ಎಲ್ಲಿ ಅಂತ ಹುಡುಕ್ತಾ ಇದೀನಿ."

"ಅದು ಸರಿಯಾಗೇ ಇತ್ತು. ತಪ್ಪು ನಂದು. ತೂಕ ತಪ್ಪು ಹಾಕಿದ್ದೆ." ಅವಳ ದನಿ ಸಣ್ಣಗಾಯಿತು. "ನಿಮ್ಮ ಅಳತೆ ಮೇಲೆ ನಿಮಗೇ ನಂಬಿಕೆ ಇರ್ಲಿಲ್ವಾ?"

"ಇತ್ತು. ಮೂರು ಸಲ ಅಳೆದಿದ್ದೆ." ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಆದ್ರೆ ನಿಮ್ಮ ಲೆಕ್ಕ ತಪ್ಪುತ್ತೆ ಅಂತ ನಂಬೋಕೆ ಮನಸ್ಸೇ ಬರ್ಲಿಲ್ಲ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. ದಿನಾ ಏನಾದರೊಂದು ನೆಪ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ ಪುಣ್ಯಾತ್ಮ, ಅವನ ಕಳ್ಳನೋಟ, ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುವುದು, ಎಲ್ಲವನ್ನೂ ಸಣ್ಣ ವಿಷಯವೆಂದು ಬದಿಗೆ ಸರಿಸಿದ್ದಳು.

"ಜೋಡಿಸೋಕೆ ಎಷ್ಟು ದಿನ ಬೇಕು?"

"ಒಬ್ನೇ ಆದ್ರೆ ಹದಿನೈದು ದಿನ."

"ಇಬ್ರಾದ್ರೆ?"

ಅವನು ಕಿವಿಯವರೆಗೆ ಕೆಂಪಾದ. "ಇಬ್ರಾದ್ರೆ... ಒಂದು ತಿಂಗಳಾದ್ರೂ ಆಗ್ಲಿ."

ಅವಳು ಅವನೆದುರು ಚಕ್ಕಳಮಕ್ಕಳ ಹಾಕಿ ಕೂತು, ದುಪಟ್ಟಾದ ತುದಿಯಿಂದ ಅವನ ಮೂಗಿನ ಗ್ರೀಸ್ ಒರೆಸಿದಳು.

"ನೀವಂದ್ರೆ ನಂಗಿಷ್ಟ ಕಣ್ರೀ. ಈ ಸಲ ಏನೂ ಬಿಡದೆ ಲೆಕ್ಕ ಹಾಕಿ ಹೇಳ್ತಿದೀನಿ."

ಹಾಗೆಂದು ನೆಲದಿಂದ ಒಂದು ಸ್ಕ್ರೂ ಆರಿಸಿ ಅವನ ಅಂಗೈಯಲ್ಲಿಟ್ಟಳು, ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.