ಗಾರ್ಡ್ ಡಬ್ಬಿಯ ತುಕ್ಕು

ಅಣ್ಣ ಗೂಡ್ಸ್ ರೈಲಿನ ಗಾರ್ಡ್ ಆಗಿ ಮೊದಲ ಸಲ ಡ್ಯೂಟಿಗೆ ಹೊರಟ ದಿನ, ಲೈನಿನ ಬೇಲಿಗೆ ಜೋತುಬಿದ್ದಿದ್ದ ಪುಟ್ಟ ತಮ್ಮ, ಗಂಟಲು ಹರಿಯುವಂತೆ ಕೂಗಿದ್ದ: "ಅಣ್ಣಾ, ಈ ರೈಲನ್ನ ಪೂರ್ತಿ ನನ್ನ ಕೈಯಾರೆ ಮಾಡಿ ನಿನಗೆ ತೋರಿಸ್ತೀನಿ! ಒಂದು ಡಬ್ಬಿನೂ ಬಿಡಲ್ಲ!" ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತು ಅಣ್ಣ ಹಸಿರು ಬಾವುಟ ಬೀಸಿದ್ದ.

ಯಾವ ಕಾಲದ ಮಾತು ಅದು! ಆ ತಮ್ಮ ಮುಂದೆ ಹಲ್ಲಿನ ಡಾಕ್ಟರಾದರು, ಊರಿನ ಅರ್ಧ ಬಾಯಿಗಳನ್ನು ರಿಪೇರಿ ಮಾಡಿ ನಿವೃತ್ತರೂ ಆದರು. ಮಾತು ಮಾತ್ರ ಮರೆಯಲಿಲ್ಲ. ಹಲ್ಲು ಕೊರೆಯುವ ಸೂಜಿಗಳಲ್ಲೇ ಒಂದೊಂದು ಪುಟಾಣಿ ವ್ಯಾಗನ್ ಕೆತ್ತಿದರು, ಬಣ್ಣ ಹಚ್ಚಿದರು. ಅಂತೂ ರೈಲು ಮುಗಿಯಿತು. ನಾಳೆ ಮಾದರಿ ರೈಲು ಸಂಘದ ಪ್ರದರ್ಶನ. ನಾಡಿದ್ದು ಅಣ್ಣನ ಕಣ್ಣಿನ ಆಪರೇಷನ್. ಆಮೇಲೆ ನೋಟ ಉಳಿಯುತ್ತದೋ ಇಲ್ಲವೋ, ಆಸ್ಪತ್ರೆಯವರು ಬಾಯಿ ಬಿಟ್ಟು ಹೇಳಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರು ಚಕ್ರಗಳಿಗೆ ಎಣ್ಣೆ ಬಿಡೋಣ ಎಂದು ಸಂಘದ ಹಾಲ್‌ಗೆ ಬಂದರು. ಗಾಜಿನ ಪೆಟ್ಟಿಗೆಗೆ ಬೀಗ ಹಾಕಿದ್ದು ಹಾಕಿದಂತೇ ಇತ್ತು. ಇಂಜಿನ್ ಇತ್ತು. ವ್ಯಾಗನ್‌ಗಳಿದ್ದವು.

ಕೊನೆಯ ಡಬ್ಬಿ ಇರಲಿಲ್ಲ. ಅಣ್ಣನ ಡಬ್ಬಿ. ಗಾರ್ಡ್ ಡಬ್ಬಿ.

* * *

"ಆಟದ ಸಾಮಾನಿಗೂ ಕೇಸಾ ಮೇಡಮ್?" ಮುಖ್ಯ ಪೇದೆ ಕಿವಿಯಲ್ಲಿ ಗೊಣಗಿದ. "ಕೇಳಿದವರು ನಗ್ತಾರೆ."

ಇನ್‌ಸ್ಪೆಕ್ಟರ್‌ಗೂ ಒಳಗೊಳಗೇ ಹಾಗೇ ಅನಿಸಿತ್ತು, ಭೂತಕನ್ನಡಿ ಹಿಡಿದು ಬಗ್ಗುವವರೆಗೆ. ಬಗ್ಗಿದವಳು ಏಳುವುದನ್ನೇ ಮರೆತಳು.

ತೋರುಬೆರಳಿನುದ್ದದ ವ್ಯಾಗನ್‌ಗಳು. ಉಪ್ಪು ಸಾಗಿಸುವ ವ್ಯಾಗನ್ನಿಗೆ ಬಾಗಿಲ ಸಂದಿಯಿಂದ ಕೆಳಕ್ಕೆ ತುಕ್ಕು ಸೋರಿತ್ತು. ಕಲ್ಲಿದ್ದಲಿನದಕ್ಕೆ ಒಳಮೈ ಸವೆದು ಬೋಳಾಗಿತ್ತು, ಹೊರಮೈಯ ಬಣ್ಣ ಹಾಗೇ ಇತ್ತು. ಪ್ರತಿಯೊಂದರ ಮೂಲೆಯಲ್ಲೂ ಒಂದು ಚೌಕ, ಸುತ್ತಲಿನ ಬಣ್ಣಕ್ಕಿಂತ ಗಾಢ. ಅದರೊಳಗೆ ಸಾಸಿವೆಗಿಂತ ಸಣ್ಣ ಅಂಕಿಗಳು.

"ಇದೇನು, ತೇಪೆ ಹಾಕಿದ ಹಾಗಿದೆ?"

"ರಿಪೇರಿ ತಾರೀಖು ಮೇಡಮ್," ಎಂದರು ಡಾಕ್ಟರು. "ನಿಜವಾದ ವ್ಯಾಗನ್ ರಿಪೇರಿಗೆ ಹೋದಾಗ ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದು ತಾರೀಖು ಬರೀತಾರೆ. ಉಳಿದದ್ದು ಬಿಸಿಲಿಗೆ ಮಾಸಿರುತ್ತೆ."

"ಇಷ್ಟು ಸಣ್ಣದನ್ನ ಯಾರು ನೋಡ್ತಾರೆ?"

"ಅಣ್ಣ ನೋಡ್ತಾನೆ."

ಅವಳು ಮಾತು ಬದಲಿಸಿದಳು. "ಬಣ್ಣ ರೈಲ್ವೆಯದ್ದೇ ತಾನೇ?"

ಡಾಕ್ಟರ ದನಿ ಏರಿತು. "ಅಲ್ಲವೇ ಅಲ್ಲ! ರೈಲ್ವೆ ಬಣ್ಣವನ್ನ ಇಷ್ಟು ಚಿಕ್ಕದಕ್ಕೆ ಹಚ್ಚಿದ್ರೆ ಮಸಿ ಬಳಿದ ಹಾಗೆ ಕಾಣುತ್ತೆ. ದೂರದ ರೈಲು ಯಾವತ್ತೂ ಸ್ವಲ್ಪ ತಿಳಿಬಣ್ಣವಾಗಿ ಕಾಣುತ್ತೆ. ಅದಕ್ಕೇ ಕಂದು ಬಣ್ಣಕ್ಕೆ ಒಂದು ಹನಿ ಬಿಳಿ ಬೆರೆಸ್ಬೇಕು. ಇಷ್ಟು ಹೇಳಿದ್ದಕ್ಕೆ ಒಬ್ಬ ಮಹಾಶಯ ನನ್ನ ಹತ್ರ ಮಾತು ಬಿಟ್ಟ."

"ಯಾರು?"

"ನಮ್ಮ ಸಂಘದ ಕಾರ್ಯದರ್ಶಿ. ವಕೀಲ. ಬಿಳಿ ಬೆರೆಸೋದು ಸುಳ್ಳು ಸಾಕ್ಷಿ ಹೇಳಿದ ಹಾಗಂತೆ! ವರ್ಷಗಳೇ ಆಯ್ತು, ಎದುರು ಬಂದ್ರೆ ಗೋಡೆ ನೋಡ್ತಾನೆ."

ಬೀಗದ ಕೈಗಳು ಮೂರು. ಒಂದು ಡಾಕ್ಟರದು, ಅದು ಮನೆಯಲ್ಲಿ ಹೆಂಡತಿಯ ಗೊಂಚಲಿನಲ್ಲೇ ಇರುತ್ತದೆ. ಒಂದು ಸಂಘದ ಅಧ್ಯಕ್ಷರಾದ ಬೇಕರಿಯವರದು. ಇನ್ನೊಂದು ಅದೇ ವಕೀಲರದು.

"ಮೇಡಮ್!" ಪೇದೆ, ರೈಲಿನಡಿ ಹಾಸಿದ್ದ ಹಸಿರು ಬಟ್ಟೆಗೆ ಮೂಗು ತಾಗಿಸಿಕೊಂಡಿದ್ದ. "ಬಿಳಿ ಪುಡಿ. ಮೈದಾ! ಬೇಕರಿಯವರೇ!"

ಇನ್‌ಸ್ಪೆಕ್ಟರ್ ನೋಡುತ್ತಿದ್ದದ್ದು ಬೇರೆ. ಡಬ್ಬಿ ಇದ್ದ ಜಾಗದ ಪಕ್ಕದಲ್ಲೇ ನಿಂತಿದ್ದ ವ್ಯಾಗನ್. ಅದರ ಬ್ರೇಕಿನ ಹಿಡಿ ಸೂಜಿಯಷ್ಟು ಸಪೂರ. ಇಡೀ ಹಿಡಿಗೆ ತುಕ್ಕು, ತುದಿ ಮಾತ್ರ ಉಕ್ಕಿನಂತೆ ಮಿನುಗುತ್ತಿತ್ತು. ಮುಟ್ಟಿದಳು. ಬೆರಳಿಗೆ ಬೂದು ಬಣ್ಣ ಹತ್ತಿತು.

"ಇದೂ ನಿಮ್ಮ ಕೆಲಸಾನೇನಾ ಡಾಕ್ಟ್ರೇ?"

ಡಾಕ್ಟರು ಕನ್ನಡಕ ಹಣೆಗೇರಿಸಿ ನೋಡಿದರು. "ಇಲ್ಲವಲ್ಲ... ನಾನು ತುದಿವರೆಗೂ ತುಕ್ಕು ಹಚ್ಚಿದ್ದೆ."

"ಕಳೆದ ಡಬ್ಬೀನ ನಾಳೆಯೊಳಗೆ ಮತ್ತೆ ಮಾಡೋಕಾಗಲ್ವಾ?"

"ತುಕ್ಕು ಒಂದು ದಿನಕ್ಕೆ ಹಿಡಿಯುತ್ತಾ ಮೇಡಮ್? ಪದರ ಪದರವಾಗಿ ಒಣಗ್ಬೇಕು." ಅವರು ಖಾಲಿ ಜಾಗವನ್ನು ಅಂಗೈಯಿಂದ ಮುಚ್ಚಿದರು. "ಅಣ್ಣನ ಆಯುಷ್ಯ ಕಳೆದದ್ದು ಆ ಡಬ್ಬಿಯೊಳಗೆ. ಅದಿಲ್ಲದ ರೈಲನ್ನ ಅವನಿಗೆ ಯಾವ ಮುಖ ಇಟ್ಕೊಂಡು ತೋರಿಸ್ಲಿ?"

* * *

ಬೇಕರಿಯವರು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಪೇದೆಯ ಕಡೆ ಕನಿಕರದಿಂದ ತಿರುಗಿದರು. "ಅಪ್ಪಾ, ಇದು ಮೈದಾ ಆದ್ರೆ ನಾನು ನಾಳೆಯೇ ಒಲೆ ಆರಿಸ್ತೀನಿ. ಉಜ್ಜಿದ್ರೆ ಗರಗರ ಅನ್ನುತ್ತೆ, ನೋಡು."

ಡಾಕ್ಟರು ತಲೆ ಕೆರೆದುಕೊಂಡರು. "ಅದು ನಂದೇ ಇರ್ಬೇಕು. ಹಲ್ಲಿನ ಅಚ್ಚು ತೆಗೆಯೋ ಪ್ಲಾಸ್ಟರ್ ಪುಡಿ. ಸಿಮೆಂಟ್ ವ್ಯಾಗನ್ನಿನ ಮೇಲೆ ಊದಿದ್ದೆ. ಸಿಮೆಂಟ್ ಧೂಳಿಗೆ ಅದರಷ್ಟು ಚೆನ್ನಾಗಿ ಇನ್ಯಾವುದೂ ಕೂರಲ್ಲ."

ಪೇದೆಯ ಮುಖ ಇಳಿಯಿತು. ಇನ್‌ಸ್ಪೆಕ್ಟರ್‌ಗೆ ಮಾತ್ರ ಆ ಸಿಮೆಂಟ್ ವ್ಯಾಗನ್ನನ್ನು ಮತ್ತೊಮ್ಮೆ ಕಣ್ತುಂಬ ನೋಡಬೇಕೆನಿಸಿತು.

ಡಾಕ್ಟರ ಹೆಂಡತಿ ಮನೆಯ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತರು. "ನಾನು ಕದ್ದೆ ಅಂತಲಾ? ಕದಿಯೋದಾದ್ರೆ ಇಂಜಿನ್‌ನಿಂದ ಹಿಡಿದು ಗುಡಿಸಿ ಒಯ್ತಿದ್ದೆ. ಒಂದು ಡಬ್ಬಿ ಇಟ್ಕೊಂಡು ಏನು ಮಾಡ್ಲಿ, ಸೂಜಿ ದಾರ ಹಾಕಿಡ್ಲಾ?"

"ಆ ರೈಲು ನನ್ನ ಸವತಿ ಅಂತ ಹೇಳ್ತಿದ್ರಂತೆ."

"ಸವತಿಯೇ! ಹುಣ್ಣಿಮೆ ಅಮಾವಾಸ್ಯೆ ಇಲ್ಲದೆ ಅದರ ಮುಂದೇ ಕೂತಿರ್ತಿದ್ರು." ದನಿ ಮೆತ್ತಗಾಯಿತು. "ಆದ್ರೆ ಭಾವನ ಕಣ್ಣಿಗೆ ಬೆಳಕಿರುವಾಗಲೇ ಮುಗಿಸ್ಬೇಕು ಅಂತ ಇವರು ಪಟ್ಟ ಪಾಡು ನಾನು ನೋಡಿದೀನಿ ಕಣಮ್ಮ. ಅದಕ್ಕೆ ಕೈ ಹಾಕೋ ಕಲ್ಲು ಮನಸ್ಸು ನನಗಿಲ್ಲ."

ವಕೀಲರು ಆಫೀಸಿನಲ್ಲಿದ್ದರು. ಮೇಜಿನ ಮೇಲಿನ ಕಾಗದ, ಪಿನ್ನು, ದಾರದ ಉಂಡೆ, ಎಲ್ಲ ಗೆರೆ ಎಳೆದಂತೆ ಸಾಲಾಗಿ.

"ನನಗೂ ಅವರಿಗೂ ಮಾತಿಲ್ಲ. ಮಾತೇ ಇಲ್ಲದವರ ಡಬ್ಬಿ ನನಗ್ಯಾಕೆ?" ಎಂದರು. ಕಾಗದದ ಅಂಚು ಸರಿಪಡಿಸುತ್ತ, "ಹಾಲ್ ಬಾಗಿಲಿಗೆ ಪೇದೆ ನಿಲ್ಸಿದ್ದೀರಂತೆ? ಸಂಜೆ ಹೋಗ್ತಾರೆ ತಾನೇ?"

"ಇಲ್ಲ ಸರ್. ಪ್ರದರ್ಶನ ಮುಗಿಯೋವರೆಗೂ ಅಲ್ಲೇ."

ವಕೀಲರು ನೆಟ್ಟಗಿದ್ದ ಪಿನ್ನಿನ ಡಬ್ಬವನ್ನು ಮತ್ತೊಮ್ಮೆ ನೆಟ್ಟಗಿಟ್ಟರು.

* * *

ಮಧ್ಯಾಹ್ನ. ಪೊಲೀಸ್ ಸ್ಟೇಷನ್‌ನಲ್ಲಿ ಚಹಾ ಆರುತ್ತಿತ್ತು. ಲಾಕಪ್ ಖಾಲಿ. ಇನ್‌ಸ್ಪೆಕ್ಟರ್ ಅದರ ಕಡೆ ಸುಮ್ಮನೆ ನೋಡುತ್ತ ಕೂತಿದ್ದಳು. ಬೆರಳಿನ ಬೂದು ಬಣ್ಣ ಸೋಪು ಹಾಕಿದರೂ ಪೂರ್ತಿ ಹೋಗಿರಲಿಲ್ಲ.

ಲಾಕಪ್ಪಿನ ಕಂಬಿಗಳಿಗೆ ಮೇಲೆ ತುಕ್ಕು. ಕೆಳಗೆ ತುಕ್ಕು. ಎದೆಯ ಎತ್ತರದಲ್ಲಿ ಮಾತ್ರ ಫಳಫಳ.

ಅವಳು ಎದ್ದು ಹೋಗಿ ಅದೇ ಜಾಗದಲ್ಲಿ ಹಿಡಿದು ನಿಂತಳು. ಕೈ ತಾನಾಗಿಯೇ ಅಲ್ಲಿಗೆ ಬಂದು ಕೂತಿತು. ದಿನವೂ ಯಾರದ್ದಾದರೂ ಕೈ ಹಿಡಿಯುವ ಜಾಗ. ಅಲ್ಲಿ ತುಕ್ಕು ಹೇಗೆ ನಿಲ್ಲುತ್ತದೆ?

ಬ್ರೇಕಿನ ಹಿಡಿಯನ್ನೂ ಯಾರೋ ದಿನಾ ಹಿಡಿಯುತ್ತಾರೆ!

ಕಳ್ಳ ಏನನ್ನೂ ಕೆಡಿಸಿರಲಿಲ್ಲ. ತಿದ್ದಿದ್ದ. ಕದ್ದು ಓಡುವ ಹೊತ್ತಲ್ಲೂ ಪಕ್ಕದ ವ್ಯಾಗನ್ನಿನ ತಪ್ಪು ಕಣ್ಣಿಗೆ ಚುಚ್ಚಿ, ತಡೆಯಲಾಗದೆ ನಿಂತು ತಿದ್ದಿದ್ದ. ಉಕ್ಕಿನಂತೆ ಮಿನುಗಿ ಬೆರಳಿಗೆ ಹತ್ತಿದ್ದು ಪೆನ್ಸಿಲ್ಲಿನ ಸೀಸ.

ಫೋನ್ ಎತ್ತಿದಳು. "ಡಾಕ್ಟ್ರೇ, ನಿಮ್ಮ ಹತ್ರ ಹಳೇ ವ್ಯಾಗನ್ ಒಂದಿದೆಯಾ? ಬ್ರೇಕಿನ ಹಿಡಿಗೆ ಪೂರ್ತಿ ತುಕ್ಕು ಹಚ್ಚಿರೋದು?"

"ನಂದೆಲ್ಲ ಹಾಗೇ ಮೇಡಮ್."

"ಒಂದು ಕಳಿಸಿ." ಪೇದೆಯ ಕಡೆ ತಿರುಗಿದಳು. "ಮೂರು ಪೆನ್ಸಿಲ್ ತನ್ನಿ. ಸೂಜಿ ಹಾಗೆ ಚೂಪು ಮಾಡಿ."

* * *

ಮೂವರನ್ನೂ ಹೇಳಿಕೆಗೆಂದು ಒಬ್ಬೊಬ್ಬರಾಗಿ ಕರೆಸಿದಳು. ಅದೇ ಕೋಣೆ, ಅದೇ ಮೇಜು. ಕಾಗದ, ಹೊಸ ಪೆನ್ಸಿಲ್, ಪಕ್ಕದಲ್ಲಿ ವ್ಯಾಗನ್. "ಬರೀತಾ ಇರಿ, ಈಗ ಬಂದೆ," ಎಂದು ಬಾಗಿಲು ಎಳೆದುಕೊಂಡು ಹೊರಗೆ ಹೋಗುತ್ತಿದ್ದಳು.

ಡಾಕ್ಟರ ಹೆಂಡತಿ ಹಾಳೆ ಹಾರದಂತೆ ವ್ಯಾಗನ್ನನ್ನೇ ಅದರ ಮೇಲೆ ಹೇರಿಟ್ಟು ಬರೆದರು. ಬೇಕರಿಯವರು ಅದನ್ನು ಕೇಕಿನಂತೆ ಚೆಂದದ ಮಗ್ಗುಲು ಮುಂದೆ ಬರುವ ಹಾಗೆ ತಿರುಗಿಸಿಟ್ಟರು, ಅಷ್ಟೇ. ಹಿಡಿ ಎರಡು ಸಲವೂ ತುಕ್ಕಾಗಿಯೇ ಉಳಿಯಿತು.

ವಕೀಲರು ಪೆನ್ಸಿಲ್ ಕಂಡು ಹುಬ್ಬು ಗಂಟಿಕ್ಕಿದರು. "ಇದರಲ್ಲಿ ಬರೆದದ್ದು ನಾಳೆ ಅಳಿಸಿ ಹೋಗುತ್ತಮ್ಮ. ಹೇಳಿಕೆಯನ್ನ ಶಾಯಿಯಲ್ಲೇ ಬರೀಬೇಕು."

"ನಿಮ್ಮಿಷ್ಟ ಸರ್."

ಅವಳು ಮರಳಿ ಬಂದಾಗ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಹೇಳಿಕೆ ಸಿದ್ಧವಾಗಿತ್ತು. ತನಗೇನೂ ಗೊತ್ತಿಲ್ಲವೆಂಬುದನ್ನು ಪುಟ ತುಂಬ ಬರೆದಿದ್ದರು. ಅವಳು ಹೇಳಿಕೆ ಓದಲಿಲ್ಲ. ಪೆನ್ಸಿಲ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ನೀವು ಬರೆದದ್ದು ಪೆನ್ನಲ್ಲಿ. ಪೆನ್ಸಿಲ್ಲಿನ ಮೊನೆ ಹೇಗೆ ಸವೀತು ಸರ್?"

ವಕೀಲರು ವ್ಯಾಗನ್ ನೋಡಿದರು. ಹಿಡಿಯ ತುದಿ ಮಿನುಗುತ್ತಿತ್ತು. ತಮ್ಮ ಬೆರಳು ನೋಡಿಕೊಂಡರು. "ಛೆ!" ಎಂದರು. "ನನ್ನ ಕೈಯೇ ನನ್ನ ವಿರುದ್ಧ ಸಾಕ್ಷಿ ಹೇಳ್ತಲ್ಲಮ್ಮ!"

"ಡಬ್ಬಿ ಎಲ್ಲಿ?"

"ನನ್ನ ಮನೆಯಲ್ಲಿ. ಒಣಗ್ತಾ ಇದೆ." ಬೆನ್ನು ನೆಟ್ಟಗಾಯಿತು. "ಆದ್ರೆ ಕಳ್ಳತನ ಅಂತ ಮಾತ್ರ ಬರೀಬೇಡಿ. ತನ್ನದು ಮಾಡ್ಕೊಳ್ಳೋ ಉದ್ದೇಶ ಇಲ್ಲದಿದ್ರೆ ಅದು ಕಳ್ಳತನ ಆಗಲ್ಲ. ಇವತ್ತು ಕತ್ತಲಾದ ಮೇಲೆ ತಂದಿಡ್ತಿದ್ದೆ. ಬಾಗಿಲಿಗೆ ಪೇದೆ ನಿಲ್ಸಿ ವಾಪಸ್ ಕೊಡೋ ದಾರಿ ಮುಚ್ಚಿದವರು ನೀವು!"

"ಡಬ್ಬಿಯಲ್ಲಿ ಏನು ತಪ್ಪಿತ್ತು?"

"ಬಾಗಿಲ ಪಕ್ಕದ ಕಂಬಿಗೆ ಮೇಲಿಂದ ಕೆಳಗೆ ತುಕ್ಕು ಹಚ್ಚಿದ್ದಾನೆ ಆ ಮಹಾನುಭಾವ! ಗಾರ್ಡ್ ದಿನಾ ಹಿಡಿದು ಹತ್ತೋ ಕಂಬಿ. ಅದಕ್ಕೆ ತುಕ್ಕು ಹಿಡಿದಿದೆ ಅಂದ್ರೆ ಆ ಡಬ್ಬಿಗೆ ಯಾರೂ ಹತ್ತೇ ಇಲ್ಲ ಅಂತ ಅರ್ಥ. ಅವನು ನೋಡಿ ಮಾಡಿದ ಫೋಟೋ ನನಗೆ ಗೊತ್ತು. ಯಾರ್ಡಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿಟ್ಟುಹಾಕಿದ ಡಬ್ಬಿ ಅದು. ಫೋಟೋದಲ್ಲಿ ಇದ್ದದ್ದನ್ನ ಕೂದಲೆಳೆ ತಪ್ಪದೆ ಮಾಡಿದ್ದಾನೆ. ಅವನ ಹಾಗೆ ತುಕ್ಕು ಹಚ್ಚೋರು ಇನ್ನೊಬ್ಬರಿಲ್ಲ, ಅದನ್ನ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಅದು ಸತ್ತ ಡಬ್ಬಿ. ಅವರಣ್ಣ ಬದುಕಿದ ಡಬ್ಬಿ ಅಲ್ಲ. ಮಂಜಾದ ಕಣ್ಣಲ್ಲಿ ಕೊನೇ ಸಲ ನೋಡೋದು ಅದನ್ನಾ?"

"ಡಾಕ್ಟ್ರಿಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಗೆ ಹೇಳ್ಲಿ?" ವಕೀಲರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾವು ಮಾತು ಬಿಟ್ಟಿದೀವಲ್ಲ!"

* * *

ಮರುದಿನ ಹಾಲ್ ತೆರೆಯುವ ಮುಂಚೆ ವಕೀಲರು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ರಟ್ಟಿನ ಡಬ್ಬ ತಂದು ಮೇಜಿನ ಮೇಲಿಟ್ಟರು. ಹತ್ತಿಯ ಮೇಲೆ ಗಾರ್ಡ್ ಡಬ್ಬಿ ಮಲಗಿತ್ತು. ಕಂಬಿಯ ಮಧ್ಯಭಾಗ ಮಿನುಗುತ್ತಿತ್ತು. ಮೆಟ್ಟಿಲ ಹಲಗೆಯ ನಡುವೆ ಬಣ್ಣ ಸವೆದು, ಬೂಟು ತುಳಿದ ಜಾಗದಲ್ಲಿ ಮರ ಇಣುಕುತ್ತಿತ್ತು.

"ಇನ್‌ಸ್ಪೆಕ್ಟರ್, ಅವರಿಗೆ ಹೇಳಿ, ಬಣ್ಣ ಇನ್ನೂ ಹಸಿ, ಮುಟ್ಟಬಾರದು."

"ಮೇಡಮ್, ಅವರಿಗೆ ಹೇಳಿ, ನನ್ನ ಡಬ್ಬಿ ನಾನು ಮುಟ್ತೀನಿ!"

ಡಾಕ್ಟರು ಡಬ್ಬಿಯನ್ನು ಬೆಳಕಿಗೆ ಎತ್ತಿ ಹಿಡಿದರು. "ಪೂರ್ತಿ ರೈಲು ನನ್ನ ಕೈಯಾರೆ ಅಂತ ಹೇಳಿದ್ದೆ. ಇದರಲ್ಲಿ ಇನ್ನೊಬ್ಬರ ಕೈ ಬಿದ್ದಿದೆ." ತುಕ್ಕಿನ ಬಣ್ಣದ ಶೀಶೆ ತೆರೆದರು. ಕುಂಚ ಅದ್ದಿದರು. ಒಂದು ಎಳೆ ಎಳೆದರೆ ಸಾಕು, ಕಂಬಿ ಮೊದಲಿನಂತಾಗುತ್ತಿತ್ತು.

ಯಾರೂ ತಡೆಯಲಿಲ್ಲ. ವಕೀಲರು ಗೋಡೆ ನೋಡುತ್ತಿದ್ದರು.

ಡಾಕ್ಟರು ಭೂತಕನ್ನಡಿಯಲ್ಲಿ ಕಂಬಿ ನೋಡಿದರು. ಮೆಟ್ಟಿಲು ನೋಡಿದರು. ಮತ್ತೆ ಕಂಬಿ. ಆಮೇಲೆ ಕುಂಚ ತೊಳೆದಿಟ್ಟು ಶೀಶೆಯ ಮುಚ್ಚಳ ಬಿಗಿದು, ಡಬ್ಬಿಯನ್ನು ರೈಲಿನ ಕೊನೆಗೆ ಜೋಡಿಸಿದರು.

ಹೆಂಡತಿ ಭಾವನನ್ನು ಕೈಹಿಡಿದು ಕರೆತಂದರು. ಮುದುಕ ಗಾಜಿಗೆ ಮೂಗು ಒತ್ತಿ ನಿಂತರು. ರೈಲು ಹೊರಟಿತು. ಉಪ್ಪು, ಕಲ್ಲಿದ್ದಲು, ಸಿಮೆಂಟ್, ಒಂದೊಂದನ್ನೂ ಹೆಸರು ಹಿಡಿದು ಕರೆದರು. ಕೊನೆಯ ಡಬ್ಬಿ ಎದುರಿಗೆ ಬಂದಾಗ, "ನಿಲ್ಸೋ!" ಎಂದರು.

ನಿಂತಿತು.

"ಈ ಕಂಬಿ... ಚಳಿಯಲ್ಲಿ ಹಿಡಿದ್ರೆ ಅಂಗೈ ಜುಮ್ಮನ್ನೋದು. ನನ್ನ ಕೈ ತಾಗಿ ತಾಗಿ ಕನ್ನಡಿ ಆಗಿತ್ತು ಕಣೋ." ಅವರ ಮುಷ್ಟಿ ಗಾಳಿಯಲ್ಲೇ ಮುಚ್ಚಿಕೊಂಡಿತು. "ನೀನು ಒಂದು ದಿನವೂ ಹತ್ತಿದವನಲ್ಲ. ನಿನಗೆ ಹೇಗೋ ಗೊತ್ತಾಯ್ತು?"

ಡಾಕ್ಟರು ಅಣ್ಣನ ಹೆಗಲು ಹಿಡಿದರು. "ನನಗೆ ಗೊತ್ತಿರಲಿಲ್ಲ ಅಣ್ಣ. ಅದು ಇವನು ಮಾಡಿದ್ದು." ವಕೀಲರ ಕಡೆ ತಿರುಗಿ ಗದರಿದರು: "ಅಲ್ಲೇನು ಗೋಡೆ ನೋಡ್ತೀಯ? ಬಾ ಇಲ್ಲಿ, ಅಣ್ಣ ಕೇಳ್ತಿದ್ದಾನೆ."

ಅಂದು ಅಣ್ಣ ತನ್ನ ರೈಲನ್ನು ಮನಸಾರೆ ನೋಡಿದರು. ಪೂರ್ತಿ ತನ್ನ ಕೈಯಾರೆ ಮಾಡಿ ತೋರಿಸುತ್ತೇನೆಂದು ತಮ್ಮ ಕೊಟ್ಟ ಮಾತು ಉಳಿಯಲಿಲ್ಲ.