ಎಂಜಲು ಕತ್ತರಿಸುವವಳು

ನನ್ನ ಬಾಯಿ ನಂಬಬೇಡಿ, ಅದರಲ್ಲಿ ನೂರು ಜನ ಬಾಡಿಗೆಗಿದ್ದಾರೆ. ಆದರೂ ಇದು ನಿಜವಾಗಿ ನಡೆದದ್ದು.

ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಆಡಿಯೋ ಪುಸ್ತಕ ಮಾಡುವುದು ನನ್ನ ಕೆಲಸ. ಸ್ಟುಡಿಯೋದಲ್ಲಿ ಗಾಜಿನಾಚೆ ಕೂತು ಅದನ್ನು ಎಡಿಟ್ ಮಾಡುವುದು ಅವಳ ಕೆಲಸ. ಮೊದಲ ವಾರವೇ ನನ್ನನ್ನು ಕರೆದು ಸ್ಪೀಕರ್ ಹಾಕಿದಳು. ಪಚಕ್, ಗುಳುಕ್, ಲೊಚಲೊಚ.

“ಏನಿದು, ಎಮ್ಮೆ ಮೆಲುಕು ಹಾಕ್ತಿದೆಯಾ?”

“ನೀವೇ ಸರ್. ನಿಮ್ಮ ಮಾತಿಂದ ನಾನು ಕತ್ತರಿಸಿ ತೆಗೆದ ಎಂಜಲು. ಥೂ!”

ನಾನು ಬಿದ್ದು ಬಿದ್ದು ನಕ್ಕೆ. ಅವಳು ಮೂಗು ಮುರಿದರೂ ತುಟಿಯ ಒಂದು ಮೂಲೆ ಗುಟ್ಟು ಬಿಟ್ಟುಕೊಟ್ಟಿತು. ಬೇಸಿಗೆ ಮುಗಿಯುವಷ್ಟರಲ್ಲಿ ‘ಸರ್’ ಉದುರಿ ‘ರೀ’ ಆಯಿತು. ನಿಮ್ಮ ಮನೆಗೆ ಬಂದು ನಿಮ್ಮಮ್ಮನ ಹತ್ತಿರ ಮದುವೆ ಮಾತಾಡುತ್ತೇನೆ ಎಂದಾಗ ಮಾತ್ರ ಮುಖ ತಿರುಗಿಸುತ್ತಿದ್ದಳು.

ಆಮೇಲೆ ಆ ಕಾದಂಬರಿ ಬಂತು. ಮನೆತನದ ಗುಟ್ಟು, ಸತ್ತ ಕೂಸು, ಪುಟಕ್ಕೊಂದು ಕೊಡ ಕಣ್ಣೀರು. ಕೂಸು ಕಳೆದುಕೊಂಡ ತಾಯಿಯ ದನಿ ತೆಗೆದು ಬಿಕ್ಕಳಿಸಿದೆ. ನನ್ನ ಅಳುವಿಗೆ ನಾನೇ ಮರುಳಾಗಿದ್ದೆ.

ಬಾಗಿಲು ತಳ್ಳಿಕೊಂಡು ಒಳಗೇ ಬಂದಳು. “ಹೇಸಿಗೆ! ಆ ಪುಸ್ತಕಾನೂ ಹೇಸಿಗೆ, ನಿಮ್ಮ ಅಳೂ ಹೇಸಿಗೆ. ಮಗು ಹೋದವಳು ಹಾಗೆ ಅಳಲ್ಲ ರೀ.”

“ಮತ್ತೆ ಹೇಗೆ?” ಹೊಸದೊಂದು ದನಿ ಸಿಗುವ ಆಸೆಯಿಂದ ಕೇಳಿದೆ. ನನ್ನ ನಾಲಿಗೆ ಸೇದಿಹೋಗ.

“ಹಾಲು ಬರುತ್ತೆ,” ಅಂದಳು. “ಕುಡಿಯೋರಿಲ್ಲ, ಆದ್ರೂ ಬರುತ್ತೆ. ಬಟ್ಟೆಯೆಲ್ಲ ಒದ್ದೆ, ಹುಳಿ ವಾಸನೆ. ನನ್ನ ಮೈ ಕಂಡ್ರೆ ನಂಗೇ ವಾಕರಿಕೆ. ಎಂಟನೇ ತಿಂಗಳಲ್ಲಿ ಹೊಟ್ಟೇಲೇ ಹೋಯ್ತು. ಮದುವೆ ಆಗಿರ್ಲಿಲ್ಲ, ಅಪ್ಪ ಆಗ್ಬೇಕಿದ್ದವನು ನಾಪತ್ತೆ. ಅಮ್ಮ ಎದೆಗೆ ಬಟ್ಟೆ ಬಿಗಿದು ಕಟ್ಟಿ, ಕೇಳಿದೋರಿಗೆಲ್ಲ ಕಾಮಾಲೆ ಅಂದ್ಲು. ಆರು ವರ್ಷ ಆಯ್ತು, ನಮ್ಮನೇಲಿ ಅದರ ಹೆಸರು ಕಾಮಾಲೆ. ನಿಮಗೂ ಹಾಗೇ ಹೇಳ್ಬೇಕಂತೆ, ಇಲ್ದಿದ್ರೆ ಓಡಿಹೋಗ್ತೀರಂತೆ. ಹೋಗಿ. ಬಾಗಿಲು ತೆಗ್ದೇ ಇದೆ.”

ನನ್ನ ಬಾಡಿಗೆದಾರರೆಲ್ಲ ಒಮ್ಮೆಗೇ ಮನೆ ಖಾಲಿ ಮಾಡಿದರು. ಕಾಮಾಲೆಯಂತೆ! ಅದಕ್ಕಿಂತ ಹೆಚ್ಚಾಗಿ ನನ್ನ ಆ ಸುಳ್ಳು ಬಿಕ್ಕಳಿಕೆ ನೆನೆದು ಬಾಯೆಲ್ಲ ಕಹಿಯಾಯಿತು.

“ಗಂಡಾ, ಹೆಣ್ಣಾ?” ಎಂದೆ. ಉಳಿದದ್ದು ನನ್ನದೇ ದನಿ, ಒಡಕಲು.

ಅವಳು ತಬ್ಬಿಬ್ಬಾದಳು. “ಇದುವರೆಗೂ ಯಾರೂ ಕೇಳಿರ್ಲಿಲ್ಲ... ಹೆಣ್ಣು. ಒಳಗೆ ಒದೆಯೋದೇ ಒದೆಯೋದು. ಕಡ್ಡಿ ಪೈಲ್ವಾನ್ ಅಂತಿದ್ದೆ.”

ನಾನೆದ್ದು ಬಾಗಿಲು ಮುಚ್ಚಿ ಬಂದು ಅವಳ ಪಕ್ಕ ಕೂತೆ.

“ಭಾನುವಾರ ಬರ್ತೀನಿ. ಅಜ್ಜೀನ ಮಾತಾಡಿಸ್ಬೇಕು.”

“ಯಾವ ಅಜ್ಜಿ?”

“ಕಡ್ಡಿ ಪೈಲ್ವಾನಿನ ಅಜ್ಜಿ. ನಿಮ್ಮ ಮೊಮ್ಮಗಳ ಅಮ್ಮನ್ನ ನಂಗೆ ಕೊಡ್ತೀರಾ ಅಂತ ಕೇಳೋಕೆ.”

ಅವಳು ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟಳು. ಕಣ್ಣು ತುಂಬಿ, ಸೊರಸೊರ ಮೂಗೆಳೆಯುತ್ತ, ಮೈಕು ಆನ್ ಇರುವುದನ್ನೂ ಮರೆತು ನಕ್ಕಳು. ಗಾಜಿನಾಚೆ ದನಿ ಅಳೆಯುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ನಡುಗುತ್ತಲೇ ಇತ್ತು.