ಮೂರು ಪಟ್ಟಿಯ ಕಲ್ಲು

"ಈ ಚೀಟಿ ಬರೆದೋರು ಯಾರ್ರೀ?"

ಗೇಟಿನ ಆಚೆ ನಿಂತವನ ಮೊಣಕಾಲಿನವರೆಗೂ ಕೆಂಪು ಮಣ್ಣು. ತೋಳಿನ ಮೇಲೆ ಜಾಲಿಮುಳ್ಳು ಗೀರಿದ ಗಾಯ. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ.

ರಶ್ಮಿತಾ ಹಿಡಿದಿದ್ದ ನೀರಿನ ಪೈಪು ದಾಸವಾಳದ ಗಿಡ ಬಿಟ್ಟು ಅವಳ ಪಾದದ ಮೇಲೇ ಸುರಿಯತೊಡಗಿತು. ಅದು ಅವಳಿಗೆ ಗೊತ್ತಾಗಲಿಲ್ಲ.

ಮುಖ ಹೊಸದು. ಆದರೆ ಆ ದನಿ... ಮೂರು ತಿಂಗಳಿಂದ ದಿನಾ ಮಧ್ಯಾಹ್ನ ಇಯರ್‌ಫೋನ್ ಹಾಕಿಕೊಂಡು ಕೇಳಿದ ದನಿ. ಯಾವ ಮಾತಿಗೆ ಉಸಿರು ಎಳೆಯುತ್ತದೆ, ಯಾವ ಮಾತಿಗೆ ನಗುತ್ತದೆ ಎಂಬುದೂ ಅವಳಿಗೆ ಗೊತ್ತಿದ್ದ ದನಿ.

'ಪ್ರಶಾಂತ!'

"ನಯನಾ ಅವರ ದೊಡ್ಡಪ್ಪನ ಮನೆ ಇದೇ ಅಲ್ವಾ? ಬರೆಯೋರು ಇಲ್ಲೇ ಅದಾರೆ ಅಂದ್ರು. ಹೇಳ್ರಿ ಅವರಿಗೆ, ಇವತ್ತು ಎಂಟು ಜನ ದಾರಿ ತಪ್ಪಿದ್ವಿ. ಡಾಕ್ಟರ್ ನಾಗಭೂಷಣ್ ಅವರು ಮುಳ್ಳಿನ ಕಂಟಿಗೆ ಬಿದ್ದು ಮಣಿಕಟ್ಟು ಉಳುಕಿಸ್ಕೊಂಡಾರೆ. ಕಿಲೋಮೀಟರ್ ಯಾಕ ಬರೀಲಿಲ್ಲ, ಕೇಳ್ರಿ."

ಅವಳ ತುಟಿ ಅಲುಗಿತು. 'ನಾನೇ' ಎಂಬ ಎರಡಕ್ಷರ ಹೇಳಬೇಕಿತ್ತು.

"ನನಗೆ... ಗೊತ್ತಿಲ್ರಿ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಕಣ್ಣು ಯಾಕೋ ಗೇಟಿನ ಕಂಬಿಯ ಮೇಲೆ ನಿಂತಿತು. ಅಲ್ಲಿಂದ ಅವಳ ಮುಖ ನೋಡಿ, ಸೈಕಲ್ ತಿರುಗಿಸಿಕೊಂಡು ಹೊರಟೇಹೋದ.

ದೇವರಾಜ ಅರಸು ಬಡಾವಣೆಯ ಆ ಬೀದಿಯಲ್ಲಿ ಒದ್ದೆ ಕಾಲಿನಲ್ಲಿ ನಿಂತ ರಶ್ಮಿತಾಳಿಗೆ ಅಳು ಬಂತು. ಅವನು ಬೈದದ್ದಕ್ಕಲ್ಲ. ತಾನು ಸುಳ್ಳು ಹೇಳಿದ್ದಕ್ಕೆ.

ಡೈರಿ ಬಿಟ್ಟರೆ ಯಾರಿಗೂ ಏನೂ ಬರೆದು ತೋರಿಸದವಳು ಅವಳು. ಡಿಗ್ರಿ ಮುಗಿದು ಎರಡು ವರ್ಷವಾದರೂ ಇಂಟರ್‌ವ್ಯೂ ಎಂದರೆ ಅಂಗೈ ಬೆವರುತ್ತಿತ್ತು. ಚಿಕ್ಕಪ್ಪನ ಮಗಳು ನಯನಾ ಸೈಕಲ್ ಬಳಗಕ್ಕೆ ಸೇರಿದ ಮೇಲೆ ಒಂದು ದಿನ ಫೋನಿನ ತುಂಬ ರೆಕಾರ್ಡಿಂಗ್ ತಂದಳು. ಹರಿಹರದ ಒಂದು ಕಾರ್ಖಾನೆಯ ಎಂಜಿನಿಯರ್ ಪ್ರಶಾಂತ ಕೆಲಸದ ಮೇಲೆ ಒಂದು ವರ್ಷ ಫ್ರಾನ್ಸಿನಲ್ಲಿದ್ದನಂತೆ. ಅಲ್ಲಿ ಮೊರ್ವಾನ್ ಎಂಬ ಕಾಡುಗುಡ್ಡಗಳ ಸೀಮೆಯಲ್ಲಿ, ಮಣ್ಣು-ಜಲ್ಲಿ ದಾರಿಗೆಂದೇ ಮಾಡಿದ ದಪ್ಪ ಟೈರಿನ ಗ್ರ್ಯಾವೆಲ್ ಸೈಕಲ್ ತುಳಿಯುತ್ತ, ಕಂಡದ್ದನ್ನೆಲ್ಲ ಕನ್ನಡದಲ್ಲೇ ಫೋನಿಗೆ ಹೇಳಿಕೊಂಡಿದ್ದನಂತೆ. ಮುಂದಿನ ಬೇಸಿಗೆಗೆ ಬಳಗದವರು ಅಲ್ಲಿಗೆ ಹೋಗುವ ಆಸೆಯಲ್ಲಿದ್ದಾರೆ, ಯಾರಾದರೂ ಇದನ್ನು ಚೆನ್ನಾಗಿ ಬರೆದುಕೊಟ್ಟರೆ ಎಲ್ಲರಿಗೂ ದಾರಿಪುಸ್ತಕ ಆಗುತ್ತದೆ ಎಂದಿದ್ದಳು ನಯನಾ. ರಶ್ಮಿತಾ ಒಪ್ಪಿದಳು. ಷರತ್ತು ಒಂದೇ, ತನ್ನ ಹೆಸರು ಹೇಳಬಾರದು.

ಹೀಗೆ ಅವಳು ಕಾಣದ ಕಾಡಿನೊಳಗೆ ಹೊಕ್ಕಳು. ಓಕ್ ಮರಗಳ ನಡುವೆ ಬಿಳಿ ಜಲ್ಲಿಯ ದಾರಿ, ಇಳಿಜಾರಿನ ಹುಲ್ಲಿನಲ್ಲಿ ಮಲಗಿದ ಬಿಳಿ ದನಗಳು, ದಾಟಿದ ಮೇಲೆ ಮರೆಯದೆ ಮುಚ್ಚಬೇಕಾದ ಮರದ ಗೇಟು, ಕಡಿದು ಒಟ್ಟಿದ ದಿಮ್ಮಿಗಳ ಹಸಿ ವಾಸನೆ, ಸೋಮವಾರ ಬಾಗಿಲು ಹಾಕುವ ಬ್ರೆಡ್ಡಿನ ಅಂಗಡಿ. ಮರದ ಕಾಂಡಕ್ಕೆ ಬಳಿದ ಬಣ್ಣದ ಪಟ್ಟಿ ಕಂಡರೆ ದಾರಿ ಸರಿ. ಅಡ್ಡಗೀಟು ಕಂಡರೆ ತಪ್ಪಿದ್ದೀರಿ, ಹಿಂದಿರುಗಿ.

ನಯನಾ ಒಯ್ದುಕೊಟ್ಟ ಕೈಬರಹದ ಮೊದಲ ಇಪ್ಪತ್ತು ಪುಟ ಓದಿದವನು, ಅವಳ ಕೈಲೇ ಕಳಿಸಿದ ಮುಂದಿನ ರೆಕಾರ್ಡಿಂಗಿನ ಕೊನೆಗೆ ಹೊಸದಾಗಿ ಸೇರಿಸಿ ಹೇಳಿದ್ದ. "ಬರೆಯೋರೇ, ಕಿಲೋಮೀಟರ್ ಲೆಕ್ಕ ಬ್ಯಾಡ ಬಿಡ್ರಿ. ನೀವು ಬರೆದಂಗೆ ಮರ, ಕಲ್ಲು, ವಾಸನೆ ಇದ್ರೆ ಸಾಕು."

ಆಮೇಲೆ ಪ್ರತಿ ರೆಕಾರ್ಡಿಂಗಿನ ಕೊನೆಗೂ ಒಂದು ಮಾತು ಇರುತ್ತಿತ್ತು. ಬರೆಯೋರೇ, ಊಟ ಆಯ್ತಾ? ಬರೆಯೋರೇ, ಇವತ್ತು ಹೊಳೆ ದಂಡೆ ಮ್ಯಾಲೆ ಕೂತು ನಿಮ್ಮ ಪುಟ ಓದಿದೆ. ಅವಳು ಅವನ್ನು ದಾರಿಪುಸ್ತಕಕ್ಕೆ ಬರೆಯಲಿಲ್ಲ. ಡೈರಿಗೆ ಬರೆದಳು.

ಮೊರ್ವಾನ್ ಮುಗಿದ ಮೇಲೆ ಅವನು ಊರಿನ ದಾರಿ ಶುರುಮಾಡಿದ್ದ. ದಾವಣಗೆರೆಯಿಂದ ಕಾಲುವೆ ಏರಿಯ ಮೇಲೆ, ಕೊಂಡಜ್ಜಿ ಗುಡ್ಡದ ಕಾಡು ಸುತ್ತಿ, ಹರಿಹರದ ಹೊಳೆದಂಡೆವರೆಗೆ. ತಿರುವಿನ ಕಲ್ಲುಗಳಿಗೆ ಫ್ರಾನ್ಸಿನ ಹಾಗೇ ಬಣ್ಣದ ಪಟ್ಟಿ. ಇಲ್ಲಿನದಕ್ಕೆ ಮೂರು ಬಿಳಿ ಪಟ್ಟಿ ಬಳಿದಿದ್ದೇನೆ ಎಂದಿದ್ದ. 'ಮೂರು ಪಟ್ಟಿಯ ಕಲ್ಲು ಕಂಡಲ್ಲಿ ಎಡಕ್ಕೆ' ಎಂದು ಅವಳು ಚೀಟಿಯಲ್ಲಿ ಬರೆದಿದ್ದಳು. ಅವನು ಹೇಳಿದ ಕಿಲೋಮೀಟರು ಬಿಟ್ಟಿದ್ದಳು, ಅವನೇ ಬೇಡ ಎಂದಿದ್ದನಲ್ಲ!

ಆ ಚೀಟಿಯೇ ಇವತ್ತು ಎಂಟು ಜನರನ್ನು ಮುಳ್ಳಿಗೆ ಕೆಡವಿತ್ತು.

ಆ ವಾರ ರೆಕಾರ್ಡಿಂಗ್ ಬರಲಿಲ್ಲ. ಸೋಮವಾರ ಬರಲಿಲ್ಲ, ಗುರುವಾರವೂ ಇಲ್ಲ. ಮಧ್ಯಾಹ್ನ ಇಯರ್‌ಫೋನ್ ಕೈಗೆ ಸುತ್ತಿಕೊಂಡು ಸುಮ್ಮನೆ ಕೂರುತ್ತಿದ್ದಳು. ಫ್ರಾನ್ಸಿನ ಮಾತು ಬಳಗದಲ್ಲಿ ಯಾರೂ ಎತ್ತುತ್ತಿಲ್ಲವೆಂದು ನಯನಾ ಹೇಳಿದಳು. ಊರ ಗುಡ್ಡದಲ್ಲೇ ದಾರಿ ತಪ್ಪಿಸುವ ಪುಸ್ತಕ ನಂಬಿ ಅಷ್ಟು ದೂರ ಹೋಗುವುದುಂಟೇ ಎಂದು ಡಾಕ್ಟರು ನಕ್ಕರಂತೆ. ಪ್ರಶಾಂತ ಸೈಕಲ್ ತೆಗೆದುಕೊಂಡು ಎದ್ದುಹೋದನಂತೆ.

'ನಾನು ಬರೆದ ಮೊದಲ ಪುಸ್ತಕ. ನನ್ನಿಂದಲೇ ಹಾಳಾಯಿತು. ಅದಕ್ಕಿಂತ... ಅವರಿಗೆ ನನ್ನ ಮೇಲೆ ಇನ್ನು ನಂಬಿಕೆ ಇಲ್ಲ.' ಡೈರಿಯಲ್ಲಿ ಅಷ್ಟು ಬರೆದು, ಕೆಳಗೆ ಇನ್ನೊಂದು ಸಾಲು ಬರೆದಳು. 'ತಪ್ಪು ಎಲ್ಲಿ ಅಂತ ಕಣ್ಣಾರೆ ನೋಡಬೇಕು. ನೋಡಿ ಅವರಿಗೆ ಹೇಳಬೇಕು. ನಾನೇ ಹೇಳಬೇಕು.'

ಭಾನುವಾರ ಬೆಳಿಗ್ಗೆ ಆರಕ್ಕೆ, ಕಾಲೇಜಿನ ದಿನಗಳ ಲೇಡೀಸ್ ಸೈಕಲ್ಲಿಗೆ ಗಾಳಿ ಹಾಕಿದಳು. ಎಲ್ಲಿಗೆ ಎಂದು ಅಮ್ಮ ಕೇಳಿದ್ದಕ್ಕೆ ಕೊಂಡಜ್ಜಿಗೆ ಎಂದಳು. ಮಗಳು ಇಷ್ಟು ನೇರವಾಗಿ ಉತ್ತರ ಕೊಟ್ಟದ್ದು ಕಂಡು ಅಮ್ಮ ಬುತ್ತಿಗೆ ಮಂಡಕ್ಕಿ ಕಟ್ಟಿಕೊಟ್ಟರು.

ಕಾಲುವೆ ಏರಿ ಅವಳು ಬರೆದಂತೆಯೇ ಇತ್ತು. ಗದ್ದೆಯ ತಂಪು, ಬೆಳ್ಳಕ್ಕಿ ಸಾಲು, ತೂಬಿನ ಹತ್ತಿರ ಪಾಚಿ ವಾಸನೆ. ತನ್ನದೇ ವಾಕ್ಯಗಳ ಮೇಲೆ ಸೈಕಲ್ ತುಳಿದಂತೆ ಅನಿಸಿ ಅವಳಿಗೆ ಒಬ್ಬಳೇ ನಗು ಬಂತು.

ಗುಡ್ಡದ ಬುಡದಲ್ಲಿ ಮೊದಲ ಕವಲು. ಕಲ್ಲು ಇಲ್ಲಿರಬೇಕು... ಇರಲಿಲ್ಲ! ಮಣ್ಣಿನಲ್ಲಿ ಒಂದು ಗುಂಡಿ ಮಾತ್ರ, ಪಕ್ಕದಲ್ಲಿ ಬಂಡಿಯ ಗಾಲಿಯ ಗುರುತು.

ಗುರುತು ಹಿಡಿದು ಮುಂದೆ ಹೋದಳು. ಎರಡನೇ ಕವಲಿನಲ್ಲಿ ದೊಡ್ಡ ಬೇವಿನ ಮರ. ಅದರ ಬುಡದಲ್ಲಿ ಕಲ್ಲು ಕೂತಿತ್ತು. ಮೂರು ಬಿಳಿ ಪಟ್ಟಿ, ನಡುವೆ ದುಂಡಗೆ ಕುಂಕುಮ, ಕೊರಳಿಗೆ ಕಣಗಿಲೆ ಹಾರ, ಮುಂದೆ ಒಡೆದ ಕಾಯಿ.

ಕಲ್ಲಿನ ಎದುರು ಚಪ್ಪಲಿ ಬಿಟ್ಟು, ತಲೆಯ ಮೇಲೆ ಕೈ ಹೊತ್ತು ಕೂತಿದ್ದವನು ಪ್ರಶಾಂತ. ಪಕ್ಕದಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ಅವನಿಗೆ ಸ್ಥಳಮಹಿಮೆ ಹೇಳುತ್ತಿದ್ದಳು. ಅಂಜಿನವ್ವ ಎಂದು ಅವಳ ಹೆಸರು. ಹಣೆಯಲ್ಲಿ ವಿಭೂತಿ ಮೂಡಿಸಿಕೊಂಡು ತಾನಾಗಿ ಎದ್ದ ಸ್ವಾಮಿಯಂತೆ. ಬಟಾಬಯಲ ಬಿಸಿಲಿನಲ್ಲಿ ಒಣಗುತ್ತಿದ್ದುದನ್ನು ನೋಡಲಾರದೆ, ಮಗನ ಬಂಡಿಯಲ್ಲಿ ಹೇರಿಸಿ ತಂದು ನೆರಳಿಗೆ ಕೂರಿಸಿದಳಂತೆ. ಹೋದ ಭಾನುವಾರ ಅಭಿಷೇಕಕ್ಕೆ ನೀರು ತರಲು ಹೋದಾಗ ಎಂಟು ಜನ ಸೈಕಲ್ಲಿನವರು ಚಪ್ಪಲಿಯನ್ನೂ ಬಿಡದೆ ಸ್ವಾಮಿಯ ಮುಂದೆ ಎಡಕ್ಕೆ ತಿರುಗಿಹೋದದ್ದನ್ನು ಕಂಡಿದ್ದಳು.

"ಮುಳ್ಳಿಗೆ ಬೀಳದೆ ಇನ್ನೇನಾಕ್ಕತಿ?" ಎಂದು ಹೇಳಿ ಕುರಿಗಳ ಹಿಂದೆ ಹೊರಟಳು.

ಅವನು ತಲೆಯೆತ್ತಿದ. ರಶ್ಮಿತಾ ಸೈಕಲ್ಲಿನ ಹ್ಯಾಂಡಲ್ ಬಿಗಿಯಾಗಿ ಹಿಡಿದಳು. ಈಗ ಹೇಳದಿದ್ದರೆ ಎಂದಿಗೂ ಇಲ್ಲ.

"ಚೀಟಿ ಬರೆದೋಳು ನಾನು. ಅವತ್ತು ಸುಳ್ಳು ಹೇಳಿದೆ. ಕಿಲೋಮೀಟರ್ ಬರೆದಿದ್ರೆ ನೀವು ಮುಂದಕ್ಕೆ ಬರ್ತಿರ್ಲಿಲ್ಲ. ಅದು ನನ್ನ ತಪ್ಪು."

"ಗೊತ್ತು," ಎಂದ ಅವನು, ಮೆತ್ತಗೆ.

ಅವಳು ಬೆಚ್ಚಿ ನೋಡಿದಳು.

"ನಿಮ್ಮ ಗೇಟಿಗೆ ಹಾಲಿನೋನಿಗೆ ಚೀಟಿ ಸಿಗಿಸಿದ್ರಿ. 'ನಾಳೆ ಅರ್ಧ ಲೀಟರ್ ಸಾಕು.' ಅದೇ ಕೈಬರಹ. ಮೂರು ತಿಂಗಳು ಓದಿದ ಅಕ್ಷರ ಗೊತ್ತಾಗಲ್ವಾ? ನೀವು ಗೊತ್ತಿಲ್ಲ ಅಂದ್ರಿ. ನಾನು ಕೂಗಾಡಿದ್ದು ನೋಡಿ, ಇವನ ಸಹವಾಸ ಬ್ಯಾಡ ಅನ್ಕೊಂಡ್ರಿ ಅಂತ ತಿಳ್ಕೊಂಡೆ. ವಾರ ಪೂರ್ತಿ ರೆಕಾರ್ಡಿಂಗ್ ಮಾಡಿದೆ, ಅಳಿಸಿದೆ."

"ನಾನು... ನೀವು ಇನ್ನು ಕಳಿಸೋದೇ ಇಲ್ಲ ಅನ್ಕೊಂಡೆ."

"ಕಿಲೋಮೀಟರ್ ಬ್ಯಾಡ ಅಂದೋನು ನಾನು. ಪಟ್ಟಿ ಬಳಿದೋನೂ ನಾನು. ಅವತ್ತು ಚೀಟಿ ಹಿಡಿದ ಡಾಕ್ಟರ ಹಿಂದೆ ದಾರಿ ನೋಡದೆ ತುಳಿದೋನೂ ನಾನೇ." ಅವನು ಹಣೆ ತಟ್ಟಿಕೊಂಡ. "ನಮ್ಮಪ್ಪ ಪಂಚಾಕ್ಷರಪ್ಪ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಮೂರು ಬೆರಳಲ್ಲಿ ಇದೇ ಪಟ್ಟಿ ಎಳ್ಕೋತಾರ್ರಿ. ಅವರ ಮಗ ಫ್ರಾನ್ಸಿನ ಗುಂಗಿನಾಗೆ ಕಲ್ಲಿಗೆ ವಿಭೂತಿ ಬಳ್ದು ಹೋಗ್ಯಾನೆ!"

ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದನ್ನೂ ಮರೆತು ನಕ್ಕಳು.

ಮಂಡಕ್ಕಿ ಬಿಚ್ಚಿದರು. ಕಲ್ಲನ್ನು ಮತ್ತೆ ಹಳೇ ಜಾಗಕ್ಕೆ ಒಯ್ಯಬೇಕೇ ಎಂದು ಅವನು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿ, ಅವನ ಕೈಯ ಚೀಟಿ ತೆಗೆದುಕೊಂಡು, ಮೊದಲ ಬಾರಿ ಒಬ್ಬರ ಕಣ್ಣೆದುರಿಗೇ ಬರೆದಳು. 'ಬೇವಿನ ಬುಡದಲ್ಲಿ ಅಂಜಿನವ್ವನ ಸ್ವಾಮಿ ಕಂಡರೆ ತಿರುವು ದಾಟಿ ಬಂದಿದ್ದೀರಿ. ಚಪ್ಪಲಿ ಬಿಟ್ಟು ಕೈ ಮುಗಿದು ಹಿಂದಿರುಗಿ. ಎರಡು ನೂರು ಮೀಟರ್.'

ಅವನು ಓದಿದ. ಮತ್ತೊಮ್ಮೆ ಓದಿದ.

"ಮೊರ್ವಾನಿನ ಅಡ್ಡಗೀಟು," ಎಂದ. "ಇದನ್ನ ಓದಿದ್ರೆ ಡಾಕ್ಟ್ರೇ ಮೊದಲು ಫ್ರಾನ್ಸಿಗೆ ಟಿಕೆಟ್ ತಗೋತಾರೆ." ಕಾಗದ ನೋಡುತ್ತಲೇ ಹೇಳಿದ. "ಒಂದು ಮಾತು ಹೇಳ್ಬೇಕು. ಮೊದಲ ಹತ್ತು ರೆಕಾರ್ಡಿಂಗ್ ಕಳಿಸಿದ್ದು ಬಳಗಕ್ಕೆ. ಆಮೇಲಿಂದು ಒಂದೂ ಬಳಗಕ್ಕಲ್ಲ. ನಿಮಗೆ. ನಿಮ್ಮನ್ನ ನೋಡದೇನೆ... ನಿಮ್ಮ ಜೊತೆಗೇ ಎಲ್ಲಾ ದಾರಿ ಸುತ್ತಬೇಕು ಅನ್ಸಿಬಿಟ್ತು."

ಬೇವಿನ ಎಲೆಯೊಂದು ಅವಳ ಮಡಿಲಿಗೆ ಬಿತ್ತು. ಅಂಗೈ ಬೆವರಿರಲಿಲ್ಲ. ಅವಳಿಗೇ ಆಶ್ಚರ್ಯವಾಯಿತು.

"ನನಗೆ ಗುಡ್ಡ ಹತ್ತಿಸೋಕೆ ಬರಲ್ರಿ," ಎಂದಳು.

"ತಳ್ಕೊಂಡು ಹೋಗಾಣ. ಮೊರ್ವಾನ್‌ನಾಗೆ ಒಂದು ಕೆರೆ ಮೇಲಿನ ಏರಿನಲ್ಲಿ ನಾನೂ ಇಳಿದು ತಳ್ಳೀನಿ. ರೆಕಾರ್ಡಿಂಗ್‌ನಲ್ಲಿ ಹೇಳಿಲ್ಲ ಅಷ್ಟೇ."

"ಗೊತ್ತಿತ್ತು."

"ಹೆಂಗೆ?"

"ತುಳಿಯೋವಾಗ ಗಾಲಿ ಸುಮ್ಮನಿರುತ್ತೆ. ತಳ್ಳೋವಾಗ ಟಿಕ್ ಟಿಕ್ ಅನ್ನುತ್ತೆ, ಜೊತೆಗೆ ಹೆಜ್ಜೆ ಸಪ್ಪಳ. ನೀವು ಒಟ್ಟು ಹನ್ನೊಂದು ಕಡೆ ಇಳಿದೀರಿ." ಅವಳು ತಲೆ ತಗ್ಗಿಸಿದಳು. "ಪುಸ್ತಕದಲ್ಲಿ ಬರೆದಿಲ್ಲ. ಡೈರಿಯಲ್ಲಿ ಬರ್ಕೊಂಡೀನಿ."

ಅವನು ಎದ್ದು ಅವಳ ಸೈಕಲ್ಲನ್ನು ಒಂದು ಕೈಯಲ್ಲಿ, ತನ್ನದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ಅವಳು ತನ್ನದನ್ನು ಬಿಡಿಸಿಕೊಂಡಳು.

"ನಂದು ನಾನೇ ತಳ್ತೀನಿ. ನೀವು ಪಕ್ಕದಲ್ಲಿ ಬರ್ರಿ."

ಎರಡು ಗಾಲಿಗಳೂ ಟಿಕ್ ಟಿಕ್ ಎನ್ನುತ್ತ ಮೊದಲ ಕವಲಿನ ಕಡೆಗೆ ಹಿಂದಿರುಗಿದವು. ಅಲ್ಲಿಂದ, ಚೀಟಿಯ ಎಡದ ದಾರಿಗೆ.